ಉಪವಾಸವೂ ‘ಡಯಟ್’ ಎಂಬುದೂ: ಫಲವೆಷ್ಟು, ಅಪಾಯವೆಷ್ಟು?

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಬಾಹ್ಯ ತಪಸ್ಸು ಆರು ಬಗೆಯೆಂದು ನಿರೂಪಿತವಾಗಿದೆ. ಅವುಗಳಲ್ಲಿ ಮೊದಲಿನ ನಾಲ್ಕು ಆಹಾರಕ್ಕೆ ಸಂಬಂಧಿಸಿದವು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ. ಊಟವನ್ನೇ ಬಿಡುವುದು, ಹಸಿವು ಪೂರ್ತಿ ತೀರುವ ಮೊದಲೇ ಎಲೆಯಿಂದ ಏಳುವುದು, ಇಂತಹ ರೀತಿಯಲ್ಲಿ ದೊರೆತರೆ ಮಾತ್ರ ಸ್ವೀಕರಿಸುವೆನೆಂದು ನಿಯಮ ಹಿಡಿಯುವುದು, ಹಾಲು ಮೊಸರು ತುಪ್ಪ ಎಣ್ಣೆ ಬೆಲ್ಲ ಉಪ್ಪುಗಳಲ್ಲಿ ಒಂದನ್ನೋ ಹಲವನ್ನೋ ತೊರೆಯುವುದು. ಶ್ವೇತಾಂಬರ ಬಂಧುಗಳು ಊನೋದರಿ, ಆಯಂಬಿಲ್, ವರ್ಷೀತಪ ಎಂದು ಆಚರಿಸುವುದೂ ಇದೇ ಮರದ ಕೊಂಬೆಗಳನ್ನೇ. ಕನ್ನಡ ಜೈನರಿಗೆ ನೋಂಪಿ ಎಂಬ ಶಬ್ದ ಚಿರಪರಿಚಿತ. ಮಲಯಾಳದಲ್ಲಿ ಎಲ್ಲ ಮತದವರೂ ಬಳಸುವ ನೋಂಬ್ ಎಂಬುದು ಅದರ ಒಡಹುಟ್ಟು. ಉಣ್ಣದಿರುವುದಕ್ಕೆ ಇಷ್ಟೊಂದು ಹೆಸರುಗಳಿರುವ ಮನೆಗಳಲ್ಲಿ ಮಗಳೊಬ್ಬಳು ಊಟ ಬಿಟ್ಟಳೆಂದರೆ ಯಾರೂ ಗಾಬರಿಪಡುವುದಿಲ್ಲ. ಈ ಲೇಖನವನ್ನು ಬರೆಯಬೇಕಾಗಿ ಬಂದುದು ಅದಕ್ಕಾಗಿಯೇ.

2025ರ ಮಾರ್ಚ್ ತಿಂಗಳಿನಲ್ಲಿ ನಮ್ಮ ನೆರೆಯ ಕಣ್ಣೂರು ಜಿಲ್ಲೆಯಲ್ಲಿ 18 ವರ್ಷದ ವಿದ್ಯಾರ್ಥಿನಿಯೊಬ್ಬಳು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತ್ತು. ದಪ್ಪಗಾಗುವೆನೆಂಬ ಭಯದಿಂದ ಅಂತರಜಾಲದಲ್ಲಿ ಕಂಡ ಕ್ರಮಗಳನ್ನು ಅನುಸರಿಸುತ್ತ, ಮನೆಯವರು ಬಡಿಸಿದ ಊಟವನ್ನು ಮರೆಮಾಚುತ್ತ, ತಿಂಗಳುಗಟ್ಟಲೆ ಬಹುಪಾಲು ಬಿಸಿನೀರಿನ ಮೇಲೆಯೇ ಇದ್ದಳೆಂದು ವರದಿಯಾಗಿತ್ತು. ಆಸ್ಪತ್ರೆಗೆ ಕರೆತಂದಾಗ ಅವಳ ತೂಕ ಸುಮಾರು 24 ಕಿಲೋ. ‘ಅನೊರೆಕ್ಸಿಯ ನರ್ವೋಸಾ’ ಎಂಬ ಮಾನಸಿಕ ವ್ಯಾಧಿಯ ಲಕ್ಷಣಗಳಿದ್ದುವೆಂದು ವೈದ್ಯರು ತಿಳಿಸಿದ್ದರು. ಅದೇ ವರ್ಷ ಜುಲೈಯಲ್ಲಿ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ, ತಿಂಗಳುಗಳ ಕಾಲ ಹಣ್ಣಿನ ರಸವನ್ನೇ ಮುಖ್ಯ ಆಹಾರ ಮಾಡಿಕೊಂಡಿದ್ದ 17ರ ಹುಡುಗನೊಬ್ಬ ತೀರಿಕೊಂಡ ವರದಿಯೂ ಬಂದಿತು.

ಆ ಮನೆಗಳು ಜೈನ ಮನೆಗಳಾಗಿರಲಿಲ್ಲ. ಆದರೂ ಮಗು ಉಣ್ಣುತ್ತಿಲ್ಲವೆಂಬುದು ತಡವಾಗಿ ತಿಳಿಯಿತು. ನಮ್ಮ ಮನೆಗಳಲ್ಲಿ ಅಡಗಿಸಿಡುವ ಶ್ರಮವೂ ಬೇಕಿಲ್ಲ. “ಊಟ ಮಾಡಿದೆಯಾ ಮಗಾ?” ಎಂದು ಅಜ್ಜಿ ಕೇಳಿದಾಗ “ಇವತ್ತು ಉಪವಾಸ ಅಜ್ಜೀ” ಎಂದರೆ ಸಾಕು, ಅಜ್ಜಿ ತೃಪ್ತಿಯಿಂದ ತಲೆ ನೇವರಿಸಿ ಒಳಗೆ ಹೋಗುತ್ತಾರೆ. ಮುಂದಿನ ಪ್ರಶ್ನೆ ಬರುವುದೇ ಇಲ್ಲ.

ಮೊದಲ ವಾರದ ಮಾಯೆ

‘ಏಳು ದಿನಗಳಲ್ಲಿ ಏಳು ಕಿಲೋ’ ಎಂಬ ಆಶ್ವಾಸನೆ ಹೊತ್ತ ಪಟ್ಟಿಗಳು ಮೊದಲು ಜೆರಾಕ್ಸ್ ಹಾಳೆಗಳಲ್ಲಿ, ಆಮೇಲೆ ಇ-ಮೇಲ್‌ನಲ್ಲಿ, ಈಗ ಮೊಬೈಲಿನಲ್ಲಿ ಮನೆಯಿಂದ ಮನೆಗೆ ಸಂಚರಿಸುತ್ತಿವೆ. ‘ಜಿ.ಎಂ. ಡಯಟ್’ ಎಂಬುದು ಇವುಗಳಲ್ಲಿ ಬಹಳ ಪ್ರಸಿದ್ಧ. ಮೊದಲ ದಿನ ಬರಿಯ ಹಣ್ಣು, ಎರಡನೆಯ ದಿನ ಬರಿಯ ತರಕಾರಿ, ನಾಲ್ಕನೆಯ ದಿನ ಬಾಳೆಹಣ್ಣು ಮತ್ತು ಹಾಲು, ಹೀಗೆ ಅದರ ಕ್ರಮ. (ಎರಡನೆಯ ದಿನ ಬೆಳಿಗ್ಗೆ ಬೇಯಿಸಿದ ಬಟಾಟೆಯಿಂದಲೇ ಆರಂಭಿಸಬೇಕೆಂದು ಮೂಲ ಪಟ್ಟಿಯಲ್ಲಿದೆ. ಕಂದಮೂಲ ವರ್ಜಿಸುವ ಮನೆಗಳಲ್ಲಿ ಅದನ್ನು ಭಕ್ತಿಯಿಂದ ಸೋರೆಕಾಯಿಗೆ ಬದಲಿಸಿಕೊಂಡು ಮುಂದುವರಿದವರುಂಟು!) ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ ತನ್ನ ನೌಕರರಿಗಾಗಿ ಇದನ್ನು ರೂಪಿಸಿತೆಂಬುದು ಜನಜನಿತವಾದರೂ ಅದಕ್ಕೆ ಆಧಾರವಿಲ್ಲ.

ಈ ಆಶ್ವಾಸನೆಯನ್ನು ಶಾಲಾ ಮಕ್ಕಳ ಲೆಕ್ಕದಿಂದಲೇ ಪರೀಕ್ಷಿಸಬಹುದು. ದೇಹದ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಯಷ್ಟು ಶಕ್ತಿ ವ್ಯಯವಾಗಬೇಕು. ಮನೆಗೆಲಸ ಮಾಡುವ ಗೃಹಿಣಿಗೆ ದಿನಕ್ಕೆ 1,800 ಕ್ಯಾಲೊರಿ ಬೇಕೆಂದು ಇಟ್ಟುಕೊಳ್ಳೋಣ. ಆಕೆ ಏಳು ದಿನ ಒಂದಗುಳನ್ನೂ ಮುಟ್ಟದಿದ್ದರೆ ಒಟ್ಟು ಕೊರತೆ 12,600 ಕ್ಯಾಲೊರಿ. ಅಂದರೆ ಅಷ್ಟೂ ಕೊಬ್ಬಿನಿಂದಲೇ ಬಂದಿತೆಂದರೂ ಒಂದೂಮುಕ್ಕಾಲು ಕಿಲೋಗೆ ತಲಪುವುದಿಲ್ಲ. ಹಾಗಾದರೆ ತಕ್ಕಡಿ ಮೂರು ನಾಲ್ಕು ಕಿಲೋ ಕಡಿಮೆ ತೋರಿಸುವುದೇಕೆ? ನಮ್ಮ ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ತುರ್ತಿನ ಬಳಕೆಗೆಂದು ಸುಮಾರು ಅರ್ಧ ಕಿಲೋ ಗ್ಲೈಕೋಜನ್ ಎಂಬ ಪಿಷ್ಟ ಸಂಗ್ರಹವಾಗಿರುತ್ತದೆ. ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಬಿಟ್ಟ ಒಂದೆರಡು ದಿನಗಳಲ್ಲಿ ಈ ಪಿಷ್ಟ ಖರ್ಚಾಗಿ ನೀರು ಹೊರಹೋಗುತ್ತದೆ; ಉಪ್ಪು ಕಡಿಮೆಯಾದುದರಿಂದ ಮತ್ತಷ್ಟು ನೀರು ಇಳಿಯುತ್ತದೆ; ಕರುಳು ಬರಿದಾಗುತ್ತದೆ. ಎರಡು ದಿನ ಸರಿಯಾಗಿ ಉಂಡೊಡನೆ ಅದೆಲ್ಲವೂ ಹಿಂದಿರುಗುತ್ತದೆ. ಹಾಗೆ ಹಿಂದಿರುಗಿದ ನೀರನ್ನು ಕಂಡು ‘ನನ್ನ ಶರೀರವೇ ಹೀಗೆ, ಇನ್ನೂ ಕಠಿಣ ಡಯಟ್ ಬೇಕು’ ಎಂದು ನಂಬುವವರೇ ಅಪಾಯದ ಕಡೆಗೆ ಸಾಗುವವರು.

ಹಸಿದ ದೇಹದ ನಡತೆ

ದೀರ್ಘಕಾಲದ ಅರೆಹೊಟ್ಟೆ ಮನುಷ್ಯನನ್ನು ಏನು ಮಾಡುತ್ತದೆಂಬುದಕ್ಕೆ ಅತ್ಯಂತ ವಿವರವಾದ ದಾಖಲೆ ದೊರೆಯುವುದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಬರಗಾಲಕ್ಕೆ ಸಿಕ್ಕಿದವರಿಗೆ ಹೇಗೆ ಉಣಿಸಬೇಕೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರನ್ನು ಪ್ರಯೋಗಕ್ಕೆ ಒಳಪಡಿಸಿದರು. ಅವರೆಲ್ಲರೂ ಆತ್ಮಸಾಕ್ಷಿಯ ಕಾರಣದಿಂದ ಯುದ್ಧ ಮಾಡಲೊಲ್ಲೆವೆಂದು ಆಯುಧ ನಿರಾಕರಿಸಿದವರು, ಸ್ವಇಚ್ಛೆಯಿಂದ ಮುಂದೆ ಬಂದವರು. 1945ರಲ್ಲಿ 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿಯಷ್ಟೇ ಆಹಾರ ನೀಡಲಾಯಿತು. ಇಂದಿನ ಅನೇಕ ‘ಡಯಟ್ ಚಾರ್ಟು’ಗಳು 800ಕ್ಕೋ 600ಕ್ಕೋ ಇಳಿಯುತ್ತವೆಂಬುದನ್ನು ನೆನೆದರೆ ಇದು ಔತಣವೇ ಸರಿ.

ಆ ತರುಣರ ತೂಕದ ಸುಮಾರು ಕಾಲು ಭಾಗ ಇಳಿಯಿತು. ಅದರೊಡನೆ ಇಳಿದುದು ಮಾಂಸಖಂಡದ ಬಲ, ನಾಡಿಯ ಬಡಿತ, ದೇಹದ ಉಷ್ಣತೆ. ಬೇಸಗೆಯಲ್ಲಿಯೂ ಚಳಿಯೆಂದು ಹೊದ್ದುಕೊಂಡರು. ಕೂದಲು ಉದುರಿತು. ಕೀಸ್ ಮತ್ತು ಸಂಗಡಿಗರು 1950ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ ಓದುಗನನ್ನು ಹೆಚ್ಚು ಕಾಡುವುದು ಅವರ ಮನಸ್ಸಿಗಾದ ಗತಿ. ಹಿಂದೆ ತತ್ತ್ವ ರಾಜಕೀಯ ಚರ್ಚಿಸುತ್ತಿದ್ದವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ತಟ್ಟೆ ನೆಕ್ಕಿದರು. ಗೆಳೆಯರನ್ನು ದೂರಮಾಡಿ ಒಬ್ಬೊಬ್ಬರೇ ಕುಳಿತರು, ಖಿನ್ನತೆಗೆ ಒಳಗಾದರು. ಊಟ ಮರಳಿ ದೊರೆತ ಮೇಲೆಯೂ ಎಷ್ಟು ತಿಂದರೂ ತೃಪ್ತಿಯಿಲ್ಲದ ಸ್ಥಿತಿ ಕೆಲವರಲ್ಲಿ ಬಹುಕಾಲ ಉಳಿಯಿತು. ಮನೆಯಲ್ಲಿ ಡಯಟ್ ಮಾಡುವ ಮಕ್ಕಳು ಸಿಡುಕುವುದು, ಇಡೀ ದಿನ ಅಡುಗೆಯ ವೀಡಿಯೊಗಳನ್ನೇ ನೋಡುವುದು, ರಾತ್ರಿ ಡಬ್ಬಿ ಬರಿದು ಮಾಡುವುದು ಸ್ವಭಾವದೋಷವೆಂದು ಬೈಯುವ ತಾಯಂದಿರು ಈ ಪ್ರಯೋಗವನ್ನು ಒಮ್ಮೆ ನೆನೆಯಬೇಕು. ಅದು ಹಸಿದ ದೇಹದ ನಡತೆ.

ದೇಹ ತನ್ನ ಖರ್ಚನ್ನೂ ಕಡಿತಗೊಳಿಸುತ್ತದೆ. ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಮೂವತ್ತು ವಾರಗಳಲ್ಲಿ ಸರಾಸರಿ 58 ಕಿಲೋ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ವರದಿ 2016ರಲ್ಲಿ ಪ್ರಕಟವಾಯಿತು. ಸರಾಸರಿ 41 ಕಿಲೋ ಹಿಂದಿರುಗಿತ್ತು. ಅಷ್ಟಾದರೂ ಅವರ ದೇಹ ವಿಶ್ರಾಂತಿಯಲ್ಲಿ ಬಳಸುವ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿಯೇ ಇತ್ತು.

ಇನ್ನುಳಿದ ಹಾನಿಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ: ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿದವರಲ್ಲಿ ಪಿತ್ತಕೋಶದ ಕಲ್ಲುಗಳು ಹೆಚ್ಚು. ತರುಣಿಯರಲ್ಲಿ ಮುಟ್ಟು ನಿಲ್ಲುತ್ತದೆ, ಅದರೊಡನೆ ಎಲುಬು ಸವೆಯುತ್ತದೆ. ಪೊಟ್ಯಾಷಿಯಂ ಮೊದಲಾದ ಲವಣಗಳು ತಗ್ಗಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. 1977-78ರಲ್ಲಿ ಅಮೆರಿಕದಲ್ಲಿ ದ್ರವರೂಪದ ಪ್ರೋಟೀನನ್ನೇ ಕುಡಿದು ತೂಕ ಇಳಿಸುವ ಹುಚ್ಚು ಹಬ್ಬಿದಾಗ ಅರವತ್ತರಷ್ಟು ಸಾವುಗಳು ವರದಿಯಾದವು. ಅವರಲ್ಲಿ ಹಲವರು ಹಠಾತ್ತನೆ ಹೃದಯ ನಿಂತು ಸತ್ತವರು.

ಫಲವನ್ನೂ ಹೇಳಬೇಕು

ದೋಷವನ್ನಷ್ಟೇ ಹೇಳಿ ಫಲವನ್ನು ಮರೆಮಾಚುವುದು ಅನೇಕಾಂತಕ್ಕೆ ಒಪ್ಪುವ ಮಾತಲ್ಲ. ಕೇರಳದಲ್ಲಿ ತೂಕ ಇಳಿಸಲೇಬೇಕಾದವರು ಬಹುಸಂಖ್ಯೆಯಲ್ಲಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ಇಲ್ಲಿನ ವಯಸ್ಕರಲ್ಲಿ ಶೇಕಡಾ 25.5 ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ, ಸಕ್ಕರೆ ಕಾಯಿಲೆಯಿದೆ. ಇಡೀ ದೇಶದ ಪ್ರಮಾಣ ಶೇಕಡಾ 11.4.

ಬ್ರಿಟನ್ನಿನಲ್ಲಿ 306 ಮಂದಿ ಮಧುಮೇಹಿಗಳ ಮೇಲೆ ನಡೆದ ‘ಡೈರೆಕ್ಟ್’ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಅರ್ಧದಷ್ಟು ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯ ಆಸುಪಾಸಿನ ಆಹಾರ ಮಾತ್ರ ಕೊಟ್ಟರು. ವರ್ಷದ ಕೊನೆಗೆ ಅವರಲ್ಲಿ ಶೇಕಡಾ 46 ಮಂದಿ ಮದ್ದಿಲ್ಲದೆಯೇ ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟುಕೊಂಡಿದ್ದರು. ಎರಡು ವರ್ಷಗಳ ಹೊತ್ತಿಗೆ ಆ ಪ್ರಮಾಣ ಶೇಕಡಾ 36ಕ್ಕೆ ಇಳಿಯಿತಾದರೂ ಅದು ಸಣ್ಣ ಫಲವಲ್ಲ. ಆದರೆ ಅಲ್ಲಿ ನಡೆದ ಕ್ರಮವನ್ನು ಗಮನಿಸಬೇಕು: ಎಲ್ಲ ಜೀವಸತ್ವ ಲವಣಗಳೂ ಅಳತೆಯಂತೆ ಸೇರಿದ ಆಹಾರ, ಮೊದಲೇ ಹೊಂದಿಸಿದ ಮದ್ದುಗಳು, ನಿಯಮಿತವಾದ ತಪಾಸಣೆ, ಕೊನೆಯಲ್ಲಿ ವಾರಗಳ ಕಾಲ ಮೆಟ್ಟಿಲು ಮೆಟ್ಟಿಲಾಗಿ ಸಾಮಾನ್ಯ ಊಟಕ್ಕೆ ಮರಳಿಕೆ. ವೀಡಿಯೊ ನೋಡಿ ಸೌತೆಕಾಯಿ ಕೊಚ್ಚಿಕೊಂಡು ಕುಳಿತವರಿಗೆ ಆ ಅಂಕಿ ಅನ್ವಯಿಸುವುದಿಲ್ಲ.

‘ಕೀಟೋ’ ಕ್ರಮವೂ ವೈದ್ಯಶಾಲೆಯಿಂದಲೇ ಹೊರಬಂದುದು. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಅಪಸ್ಮಾರ ರೋಗಿಗಳಿಗೆಂದು ಅದನ್ನು ಸೂಚಿಸಲಾಯಿತು. ಅಕ್ಕಿ, ಬೇಳೆ, ಹಣ್ಣುಗಳನ್ನು ಬಹುಮಟ್ಟಿಗೆ ಬಿಟ್ಟು ಕೊಬ್ಬನ್ನೇ ಉಣ್ಣುವ ಈ ಕ್ರಮ ನಮ್ಮವರ ಅಡುಗೆಮನೆಗೆ ಬಂದಾಗ, ಮೊಟ್ಟೆ ಮಾಂಸ ಮೀನು ಇಲ್ಲವಾದುದರಿಂದ, ಪನೀರು ತುಪ್ಪ ಗೇರುಬೀಜ ತೆಂಗಿನೆಣ್ಣೆಗಳಷ್ಟೇ ಉಳಿಯುತ್ತವೆ. ನಾರು ಇಲ್ಲದೆ ಮಲಬದ್ಧತೆ, ಕೆಲವರಲ್ಲಿ ಏರುವ ಕೊಲೆಸ್ಟರಾಲ್, ಇವು ಸಾಮಾನ್ಯ. ಒಂದು ವರ್ಷದ ಲೆಕ್ಕದಲ್ಲಿ ಹೆಚ್ಚುವರಿ ಲಾಭವೂ ಕಾಣುವುದಿಲ್ಲ. 2018ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯಲ್ಲಿ ಕೊಬ್ಬು ಕಡಿಮೆಯ ಊಟವನ್ನೂ ಪಿಷ್ಟ ಕಡಿಮೆಯ ಊಟವನ್ನೂ ಹೋಲಿಸಿದಾಗ ಸಿಕ್ಕಿದುದು 5.3 ಕಿಲೋ ಮತ್ತು 6.0 ಕಿಲೋ, ಗಣನೀಯ ವ್ಯತ್ಯಾಸವಿಲ್ಲ.

ಸೂರ್ಯಾಸ್ತದ ಮೊದಲೇ ಉಣ್ಣುವ ನಮ್ಮ ಪದ್ಧತಿಯನ್ನೇ ಈಗ ಪಾಶ್ಚಾತ್ಯರು ‘ಇಂಟರ್ಮಿಟೆಂಟ್ ಫಾಸ್ಟಿಂಗ್’ ಎಂದು ಕಂಡುಹಿಡಿದರೆಂದು ವೇದಿಕೆಗಳಲ್ಲಿ ಹೇಳುವುದನ್ನು ಕೇಳುತ್ತೇವೆ. ಹೆಮ್ಮೆಪಡುವ ಮುನ್ನ ಒಂದು ಮಾತು. ಚೀನಾದಲ್ಲಿ 139 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ಮಾತ್ರ ಉಂಡವರಿಗೂ, ಅಷ್ಟೇ ಮಿತವಾದ ಆಹಾರವನ್ನು ಹೊತ್ತಿನ ನಿರ್ಬಂಧವಿಲ್ಲದೆ ಉಂಡವರಿಗೂ ತೂಕದಲ್ಲಿ ಗಣನೀಯ ಅಂತರ ಕಂಡುಬರಲಿಲ್ಲ. ರಾತ್ರಿಭೋಜನ ತ್ಯಾಗ ಜೀವದಯೆಗಾಗಿ ಹುಟ್ಟಿದ ನಿಯಮ. ಅದಕ್ಕೆ ತಕ್ಕಡಿಯ ಪ್ರಮಾಣಪತ್ರ ಬೇಕಾಗಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗದರ್ಶನದಲ್ಲಿ ತೂಕ ಇಳಿಸುವ ಊಟ ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗಿಳಿಯಬಾರದೆಂದೂ ವಾರಕ್ಕೆ ಅರ್ಧ ಕಿಲೋ ಇಳಿಕೆ ಸುರಕ್ಷಿತವೆಂದೂ ಇದೆ. ಅರ್ಧ ಕಿಲೋ ಎಂದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ವರ್ಷಾರ್ಧದಲ್ಲಿ ಅದು 13 ಕಿಲೋ ಆಗುತ್ತದೆ. ಅದಕ್ಕೆ ನಮ್ಮ ಊರಿನ ಕುಚ್ಚಲಕ್ಕಿಯ ಗಂಜಿಯೂ ಹೆಸರುಕಾಳಿನ ಪಲ್ಯವೂ (ಮಲಯಾಳ ಬಂಧುಗಳ ಕಂಞಿ ಮತ್ತು ಚೆರುಪಯರ್) ಅಡ್ಡಿಯಲ್ಲ. ಅಕ್ಕಿಯ ಪ್ರೋಟೀನಿನ ಕೊರತೆಯನ್ನು ಹೆಸರು ತುಂಬುತ್ತದೆ. ಗಂಜಿಯ ಬಟ್ಟಲು ಸಣ್ಣದಾಗಿ ಹೆಸರಿನ ಬಟ್ಟಲು ದೊಡ್ಡದಾದರೆ ಅದೇ ಅವಮೌದರ್ಯಕ್ಕೂ ಹತ್ತಿರ.

ಪಾರಣೆಯ ಹೊತ್ತು

ಉಪವಾಸದ ಅಪಾಯ ಉಪವಾಸದ ದಿನಗಳಲ್ಲಿಯೇ ಎಂದು ಸಾಮಾನ್ಯರು ಭಾವಿಸುತ್ತಾರೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಹೊರಬಂದು ಹೊಟ್ಟೆ ತುಂಬ ಉಂಡ ಕೆಲವರು ಅನಂತರ ಸತ್ತರೆಂಬುದು ವೈದ್ಯರನ್ನು ಬೆರಗುಗೊಳಿಸಿತು. ಕಾರಣ ಈಗ ತಿಳಿದಿದೆ. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೇ ಸಿಹಿಯೂ ಅನ್ನವೂ ಸಿಕ್ಕಾಗ ಇನ್ಸುಲಿನ್ ಉಕ್ಕುತ್ತದೆ. ಆಗ ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಷಿಯಂ, ಮೆಗ್ನೀಷಿಯಂಗಳು ಜೀವಕೋಶಗಳೊಳಕ್ಕೆ ಸೆಳೆಯಲ್ಪಡುತ್ತವೆ. ಬಿ-1 ಜೀವಸತ್ವ ತೀರಿಹೋಗುತ್ತದೆ. ರಕ್ತದಲ್ಲಿ ಇವು ಕುಸಿದಾಗ ಹೃದಯವೂ ಉಸಿರಾಟವೂ ಸೋಲುತ್ತವೆ. ಹತ್ತು ದಿನಕ್ಕಿಂತ ಹೆಚ್ಚು ಕಾಲ ಆಹಾರವಿಲ್ಲದವರನ್ನೂ, ಕೆಲವೇ ತಿಂಗಳುಗಳಲ್ಲಿ ತೂಕದ ಶೇಕಡಾ 15ಕ್ಕಿಂತ ಹೆಚ್ಚು ಕಳೆದುಕೊಂಡವರನ್ನೂ ವೈದ್ಯರು ಈ ಗಂಡಾಂತರಕ್ಕೆ ಹೆಚ್ಚು ಗುರಿಯಾಗಬಲ್ಲವರೆಂದು ಗಣಿಸುತ್ತಾರೆ. ಐದು ದಿನ ದಾಟಿದವರ ವಿಷಯದಲ್ಲಿಯೂ ಎಚ್ಚರ ವಹಿಸುತ್ತಾರೆ.

ನಮ್ಮ ಹಿರಿಯರು ಪಾರಣೆಯನ್ನು ಹೆಸರುಬೇಳೆಯ ಕಟ್ಟು, ಗಂಜಿತಿಳಿಗಳಿಂದ ಆರಂಭಿಸುತ್ತಿದ್ದುದರಲ್ಲಿ ವಿವೇಕವಿತ್ತು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ-1 ಜೀವಸತ್ವದ ಒಂದಂಶ ಕಾಳಿನ ಒಳಕ್ಕೆ ಇಳಿಯುವುದರಿಂದ ಬೆಳ್ತಿಗೆಗಿಂತ ಕುಚ್ಚಲಕ್ಕಿಯಲ್ಲಿ ಅದು ಹೆಚ್ಚು. ಒಂದೆರಡು ದಿನದ ಉಪವಾಸಕ್ಕೆ ಇಷ್ಟು ಸಾಕು. ಎಂಟು ದಿನ, ಹತ್ತು ದಿನ, ಅದಕ್ಕೂ ಮೀರಿದ ತಪಸ್ಸಿನ ಪಾರಣೆಗೆ ಮಾತ್ರ ಗಂಜಿತಿಳಿಯೊಂದನ್ನೇ ನೆಚ್ಚದೆ ಮೊದಲೇ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ಪಾರಣೆಯ ದಿನ ಬಂಧುಗಳೆಲ್ಲ ಒಬ್ಬೊಬ್ಬರಾಗಿ ಬಂದು ಬಾಯಿಗೆ ಪೇಡ ಇಡುವ ಪ್ರೀತಿಯನ್ನು ಬೇರೊಂದು ದಿನಕ್ಕೆ ಮುಂದೂಡಬಹುದು.

2016ರಲ್ಲಿ ಸಿಕಂದರಾಬಾದಿನಲ್ಲಿ 68 ದಿನಗಳ ಉಪವಾಸ ಮುಗಿಸಿದ 13 ವರ್ಷದ ಬಾಲಿಕೆಯೊಬ್ಬಳು ಸಂಭ್ರಮದ ಒಂದೆರಡು ದಿನಗಳಲ್ಲಿ ತೀರಿಕೊಂಡದ್ದು ಸಮಾಜದ ಒಳಗೂ ಹೊರಗೂ ದೊಡ್ಡ ಚರ್ಚೆಯಾಯಿತು. ಕಾರಣವನ್ನೋ ದೋಷವನ್ನೋ ನಿರ್ಣಯಿಸುವುದು ಈ ಪುಟಗಳ ಕೆಲಸವಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೆ ‘ಶಕ್ತಿತಃ’ ಎಂಬ ಮಾತು ಸೇರಿಕೊಂಡಿದೆ, ಶಕ್ತಿಗೆ ಅನುಸಾರವಾಗಿ ಎಂದು. ಬೆಳೆಯುತ್ತಿರುವ ಎಲುಬಿನ, ಬೆಳೆಯುತ್ತಿರುವ ಬುದ್ಧಿಯ ಮಗುವಿನ ಶಕ್ತಿಯನ್ನು ಅಳೆಯಬೇಕಾದವರು ಹಿರಿಯರು. ಆ ಹೊರೆಯನ್ನು ಮಗುವಿನ ಉತ್ಸಾಹದ ಮೇಲೆ ಹಾಕಲಾಗದು. (ಸಲ್ಲೇಖನ ಬೇರೆಯೇ ವಿಷಯ. ಅದನ್ನು ಇಲ್ಲಿಗೆ ಎಳೆದು ತರಬೇಕಿಲ್ಲ.)

ಮದ್ದು ಸೇವಿಸುವವರು

ಇದೊಂದನ್ನು ಒತ್ತಿ ಹೇಳಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಗ್ಲಿಮೆಪಿರೈಡ್ ಮೊದಲಾದ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸದೆ ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಈಗ ಬಹಳ ಬಳಕೆಯಲ್ಲಿವೆ. ಅವನ್ನು ನುಂಗುತ್ತ ನಿರಾಹಾರವನ್ನೋ ಕೀಟೋವನ್ನೋ ಹಿಡಿದರೆ ಮೀಟರಿನಲ್ಲಿ ಸಕ್ಕರೆ ಬಹುತೇಕ ಸರಿಯಾಗಿಯೇ ತೋರುತ್ತಿರುವಾಗಲೂ ರಕ್ತ ಆಮ್ಲವಾಗುವ ಪ್ರಾಣಾಪಾಯವುಂಟು. ವಾಂತಿ, ಹೊಟ್ಟೆನೋವು, ಏದುಸಿರು ಅದರ ಲಕ್ಷಣಗಳು. ಗರ್ಭಿಣಿಯರು, ಹಾಲೂಡಿಸುವವರು, ಮೂತ್ರಪಿಂಡದ ರೋಗಿಗಳು ಯಾವ ಕಠಿಣ ಕ್ರಮಕ್ಕೂ ಕೈಹಾಕಬಾರದು. ಹಾಲನ್ನೂ ವರ್ಷಗಟ್ಟಲೆ ಬಿಟ್ಟಿರುವ ಸಸ್ಯಾಹಾರಿಗಳಿಗೆ ಬಿ-12 ಜೀವಸತ್ವ ಊಟದಿಂದ ದೊರೆಯುವ ದಾರಿಯೇ ಇಲ್ಲವಾದುದರಿಂದ ಮಾತ್ರೆ ಬೇಕಾಗುತ್ತದೆ.

ವ್ರತದ ಮರೆಯಲ್ಲಿ

ನೋಂಪಿಗೆ ಇಂತಿಷ್ಟು ದಿನವೆಂಬ ಎಣಿಕೆಯಿದೆ, ಕೊನೆಯಲ್ಲಿ ಉದ್ಯಾಪನೆಯಿದೆ, ಪಾರಣೆಯಿದೆ. ಹಿಡಿಯುವಾಗ ಮುನಿಗಳ ಅಥವಾ ಹಿರಿಯರ ಸಾಕ್ಷಿಯಿದೆ. ಡಯಟ್ಟಿಗೆ ಉದ್ಯಾಪನೆಯೇ ಇಲ್ಲ. 50 ಕಿಲೋ ಆದಮೇಲೆ 48, ಅದಾದಮೇಲೆ 45. ಆದುದರಿಂದ ಮಗಳೋ ಮಗನೋ ಉಪವಾಸವೆಂದಾಗ ಮನೆಯವರು ಸಂಶಯಪಡದೆ, ಗದರದೆ, ಕೇಳಬಹುದಾದ ಪ್ರಶ್ನೆ ಸುಲಭ: ಯಾವ ವ್ರತ, ಎಷ್ಟು ದಿನ, ಪಾರಣೆ ಯಾವಾಗ? ಉತ್ತರ ತಡವರಿಸಿದರೆ, ಅಥವಾ ಪಾರಣೆಯ ದಿನ ಮತ್ತೊಂದು ವ್ರತ ಹುಟ್ಟಿಕೊಂಡರೆ, ಬೇರೆ ಗುರುತುಗಳನ್ನೂ ನೋಡಬೇಕು. ದಿನಕ್ಕೆ ಹಲವು ಬಾರಿ ತೂಕ ನೋಡುವುದು, ಎಲ್ಲರೊಡನೆ ಕುಳಿತು ಉಣ್ಣಲು ನೆಪ ಹೇಳುವುದು, ಊಟವಾದೊಡನೆ ಬಚ್ಚಲಿಗೆ ಹೋಗುವುದು, ಸಡಿಲ ಬಟ್ಟೆಯಲ್ಲಿ ಮೈ ಮುಚ್ಚಿಕೊಳ್ಳುವುದು, ಮುಟ್ಟು ನಿಂತಿರುವುದು, ಎಲುಬು ಕಾಣುತ್ತಿದ್ದರೂ ‘ನಾನು ದಪ್ಪ’ ಎನ್ನುವುದು.

ಅನೊರೆಕ್ಸಿಯ ಹಟವಲ್ಲ, ಸೊಕ್ಕಲ್ಲ. ಮಾನಸಿಕ ವ್ಯಾಧಿಗಳಲ್ಲಿ ಅತ್ಯಂತ ಹೆಚ್ಚು ಸಾವು ತರುವವುಗಳಲ್ಲಿ ಅದೂ ಒಂದು. ಬೇಗ ಗುರುತಿಸಿದರೆ ಗುಣವಾಗುವ ಸಂಭವವೂ ಹೆಚ್ಚು. ಒತ್ತಾಯದಿಂದ ತುತ್ತು ತುರುಕುವುದರಿಂದಾಗಲಿ, ‘ಯಾರು ಮದುವೆಯಾಗುತ್ತಾರೆ’ ಎಂಬ ಮಾತಿನಿಂದಾಗಲಿ ಅದು ಹೋಗುವುದಿಲ್ಲ. ‘ದಪ್ಪಗಾಗಿದ್ದೀಯಲ್ಲ’ ಎಂದು ಬಸದಿಯ ಅಂಗಳದಲ್ಲಿ ನಗುತ್ತ ಹೇಳುವ ಸಂಬಂಧಿಕರೂ ಸ್ವಲ್ಪ ಬಾಯಿ ಬಿಗಿಹಿಡಿಯಬೇಕು. ಮೊದಲು ಕುಟುಂಬದ ವೈದ್ಯರಲ್ಲಿ ತೂಕ, ನಾಡಿ, ರಕ್ತದೊತ್ತಡ, ಲವಣಗಳ ಪರೀಕ್ಷೆ; ಬಳಿಕ ಮನೋವೈದ್ಯರು ಮತ್ತು ಆಹಾರತಜ್ಞರು. ತಲೆಸುತ್ತಿ ಬಿದ್ದರೆ, ನಾಡಿ ತೀರ ನಿಧಾನವಾದರೆ ಅದೇ ದಿನ ಆಸ್ಪತ್ರೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಬಹುದು. ಅದಕ್ಕೆ ಶುಲ್ಕವಿಲ್ಲ, ಕನ್ನಡ, ಮಲಯಾಳ ಎರಡರಲ್ಲಿಯೂ ಮಾತನಾಡುವ ಅವಕಾಶವಿದೆ.